ಕೆಂಡ ತರುವ ಕೆಲಸ

ಮೆಂತೆ ಸೊಪ್ಪು ಸೋಸುತ್ತ ಕೂತಿದ್ದೆ. ಮೊಮ್ಮಗಳನ್ನೂ ಎದುರಿಗೆ ಕೂರಿಸಿಕೊಂಡಿದ್ದೆ. ಅವಳು ಒಂದು ಎಲೆ ಕಿತ್ತರೆ ಎರಡು ಸಲ ನಿಟ್ಟುಸಿರು ಬಿಡುತ್ತಿದ್ದಳು. ಅಷ್ಟರಲ್ಲಿ ಭಾಲ್ಕಿಯಿಂದ ತಮ್ಮನ ಫೋನ್ ಬಂತು. ಖಾಲಾ ಹೈದರಾಬಾದಿನಲ್ಲಿ ತೀರಿಕೊಂಡರಂತೆ. ಅವರ ಮೊಮ್ಮಗ ನಮ್ಮ ಹಳೆಯ ಓಣಿ ಹುಡುಕಿಕೊಂಡು ಬಂದು ಹೇಳಿ ಹೋದನಂತೆ. ಫೋನ್ ಇಟ್ಟು ಮತ್ತೆ ಕೂತೆ. ಎಲೆಯನ್ನು ಕಡ್ಡಿಯ ರಾಶಿಗೆ ಹಾಕುತ್ತಿದ್ದೇನೆ ಎಂದು ಮೊಮ್ಮಗಳೇ ಹೇಳಬೇಕಾಯಿತು.

ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ಹಾಗೆ ಕರೆಯುತ್ತಿದ್ದರೂ ಅವರು ನಮಗೆ ನೆಂಟರಲ್ಲ. ಭಾಲ್ಕಿಯಲ್ಲಿ ನಮ್ಮ ಮನೆಯ ಎದುರು ಸಾಲಿನ ಕೊನೆಯ ಮನೆ ಅವರದು. ಗಂಡ ಸೀರೆಗಳಿಗೆ ಬಣ್ಣ ಹಾಕುವವರು. ಬಣ್ಣದ ಹಂಡೆ ಸದಾ ಕಾಯುತ್ತಿದ್ದುದರಿಂದ ಆ ಮನೆಯ ಒಲೆ ಆರುತ್ತಲೇ ಇರಲಿಲ್ಲ. ಹಾಗಾಗಿ ಬೆಳಗಾದರೆ ನಮ್ಮ ಓಣಿಯ ಹೆಂಗಸರು ಕಡ್ಡಿ ಗೀರುತ್ತಿರಲಿಲ್ಲ. ಸಗಣಿ ಕುಳ್ಳಿನ ಒಂದು ತುಂಡನ್ನು ಮಕ್ಕಳ ಕೈಗೆ ಕೊಟ್ಟು ಖಾಲಾನ ಮನೆಗೆ ಅಟ್ಟುತ್ತಿದ್ದರು. ಅವರು ಅದರ ಮೇಲೊಂದು ಕೆಂಡ ಇಟ್ಟುಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಕೆಂಡ ತರುವ ಕೆಲಸ ನನ್ನದು. ಅವ್ವ ಒಲೆಗೆ ವಿಭೂತಿ ಹಚ್ಚಿ ನನಗಾಗಿ ಕಾಯುತ್ತಿದ್ದಳು. ನಾನು ತಡಮಾಡಿದರೆ ಎಲ್ಲರ ರೊಟ್ಟಿಯೂ ತಡ... ಎಂಟು ವರ್ಷದ ಹುಡುಗಿಗೆ ಅದು ದೊಡ್ಡ ಅಧಿಕಾರ.

ಖಾಲಾಗೆ ಆಗ ಇಪ್ಪತ್ತೋ ಇಪ್ಪತ್ತೆರಡೋ. ಕಂಕುಳಲ್ಲಿ ಕೂಸು, ಉಗುರಿನ ಸಂದಿಯಲ್ಲಿ ಯಾವಾಗಲೂ ಬಣ್ಣ. ಇವತ್ತು ಹಸಿರು, ನಾಳೆ ಕೆಂಪು. ನಿನ್ನೆ ಯಾರ ಸೀರೆ ಬಣ್ಣಕ್ಕೆ ಬಿತ್ತು ಎಂದು ಅವರ ಉಗುರು ನೋಡಿಯೇ ನಾವು ಮಕ್ಕಳು ಪಂಥ ಕಟ್ಟುತ್ತಿದ್ದೆವು.

ಅದು ನಿಜಾಮರ ರಾಜ್ಯದ ಕೊನೆಗಾಲ. ಮೊದಲು ರಜಾಕಾರರ ಹೆದರಿಕೆ. ಅಪ್ಪ ಸೊಲ್ಲಾಪುರದ ಕಡೆ ತಪ್ಪಿಸಿಕೊಂಡು ಹೋಗಿದ್ದ. ನಮ್ಮ ಬಾಗಿಲು ಹಗಲೂ ಮುಚ್ಚಿರುತ್ತಿತ್ತು. ಆಗಲೂ ನಾನು ಕೆಂಡಕ್ಕೆ ಹೋಗುವುದು ತಪ್ಪಲಿಲ್ಲ. ಆಮೇಲೆ ಹಿಂದೂಸ್ಥಾನದ ಪಲ್ಟನ್ ಬಂತು, ರಜಾಕಾರರು ಹೋದರು. ಆದರೆ ಹೆದರಿಕೆ ಹೋಗಲಿಲ್ಲ, ಬರೀ ಮನೆ ಬದಲಿಸಿತು. ಸುತ್ತಲಿನ ಹಳ್ಳಿಗಳಿಂದ ಗುಂಪುಗಳು ಬಂದು ಮುಸಲ್ಮಾನರ ಮನೆಗಳನ್ನು ಹುಡುಕತೊಡಗಿದವು. ಖಾಲಾನ ಗಂಡ ಬಣ್ಣ ತರಲು ಹೈದರಾಬಾದಿಗೆ ಹೋದವರು ತಿರುಗಿ ಬಂದಿರಲಿಲ್ಲ. ಔರಾದಿನಲ್ಲಿದ್ದ ಖಾಲಾನ ಅಣ್ಣನಿಗೆ ಸುದ್ದಿ ಮುಟ್ಟಿಸುವವರು ಸಿಕ್ಕಿರಲಿಲ್ಲ. ಒಳಗೆ ಕೂಸು ಮತ್ತು ಅವರು, ಅಷ್ಟೇ.

ಓಣಿಯ ಉಳಿದ ಮಕ್ಕಳು ಕೆಂಡಕ್ಕೆ ಬರುವುದನ್ನು ಬಿಟ್ಟರು. ಅವ್ವ ಮಾತ್ರ ನನ್ನನ್ನು ಕಳಿಸುತ್ತಲೇ ಇದ್ದಳು. ಪಕ್ಕದ ಮನೆಯಾಕೆ ಒಂದು ದಿನ ನಮ್ಮ ಕಟ್ಟೆಗೆ ಬಂದು ಕೇಳಿಯೇಬಿಟ್ಟಳು, "ನಿಮ್ಮ ಮನಿದಾಗ ಒಂದು ಕಡ್ಡಿಪೆಟ್ಟಿಗಿಗೂ ಗತಿ ಇಲ್ಲೇನ್ರಿ?"

"ನಮ್ಮ ಒಲಿಗಿ ಹೊಸ ಬೆಂಕಿ ಹಿಡಸಲ್ಲರಿ ಅಕ್ಕಾ," ಎಂದಳು ಅವ್ವ, ಮೊರದಿಂದ ಕಣ್ಣೆತ್ತದೆ.

ಮರುದಿನ ನಾನು ಹೋದಾಗ ಖಾಲಾನ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ದನಿ ಮಾತ್ರ ಬಂತು. "ಬೇಟಿ, ಇನ್ಮ್ಯಾಲೆ ಬರಬ್ಯಾಡ. ಅವ್ವಗ ಹೇಳು, ಈ ಮನಿಗಿ ಮಗಳನ್ನ ಕಳಸಬ್ಯಾಡ ಅಂತ." ನಾನು ಬರಿಗೈಲಿ ಮನೆಗೆ ಬಂದು ಹಾಗೆಯೇ ಹೇಳಿದೆ. ಅವ್ವ ನನ್ನ ಕೈಗೆ ಅದೇ ಕುಳ್ಳು ಮತ್ತೆ ಇಟ್ಟಳು. "ಕೆಂಡ ಇಲ್ದ ಮನಿಗಿ ಬರಬ್ಯಾಡ," ಎಂದಳು.

ಒಬ್ಬರು ಹೋಗು ಅನ್ನುತ್ತಾರೆ, ಒಬ್ಬರು ಬರಬೇಡ ಅನ್ನುತ್ತಾರೆ. ನಾನು ಖಾಲಾನ ಮೆಟ್ಟಿಲ ಮೇಲೆ ಕುಳ್ಳು ಹಿಡಿದುಕೊಂಡು ಅಳುತ್ತ ನಿಂತೆ. ಗುಂಪು ಓಣಿಗೆ ಬಂದದ್ದು ಆಗಲೇ. ಕೈಯಲ್ಲಿ ಬಡಿಗೆಗಳಿದ್ದವು. ತಲೆಗೆ ಟವೆಲ್ ಸುತ್ತಿದ್ದ ಒಬ್ಬ ಹಿರಿಯ ನನ್ನ ಮುಂದೆ ನಿಂತ.

"ಇಲ್ಲೇನ್ ಮಾಡ್ಲಕತ್ತಿದಿ ತಂಗಿ?"

"ಕೆಂಡಕ್ಕ ಬಂದೀನ್ರಿ. ಕೆಂಡ ಇಲ್ದ ಬರಬ್ಯಾಡಂತ ಹೇಳ್ಯಾಳ ಅವ್ವ."

"ಒಳಗ ಯಾರಿದ್ದಾರ?"

"ಖಾಲಾ," ಎಂದೆ. ಮುಚ್ಚಿಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಮನೆಗೆ ಹಿತ್ತಲ ಬಾಗಿಲಿತ್ತು. ಅದನ್ನು ದಾಟಿದರೆ ಎದೆಯುದ್ದ ಬೆಳೆದ ಜೋಳದ ಹೊಲ. ಖಾಲಾ ಆ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಇಳಿದು ಹೋಗಬಹುದಿತ್ತು. ಅವರು ಮುಂಬಾಗಿಲ ಚಿಲಕ ತೆಗೆದರು. ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ಕೆಂಡ. ಗಂಡಸರ ಕಡೆ ನೋಡಲೇ ಇಲ್ಲ. ನನಗೆ ಬೈದರು.

"ಇಷ್ಟೊತ್ತಿಗಿ ಬರ್ತಾರೇನು? ನಿಮ್ಮವ್ವನ ರೊಟ್ಟಿ ಯಾವಾಗ ಆಗಬೇಕು?"

ಇಕ್ಕಳದಿಂದ ಕೆಂಡ ಜಾರಿ ಹೊಸ್ತಿಲ ಕಲ್ಲಿನ ಮೇಲೆ ಬಿತ್ತು. ಬಗ್ಗಿ ಮತ್ತೆ ಹಿಡಿದು ಕುಳ್ಳಿನ ಮೇಲೆ ಇಟ್ಟರು. ಆ ಹಿರಿಯ ಕೆಂಡವನ್ನೇ ನೋಡುತ್ತಿದ್ದ. ಕೊನೆಗೆ, "ಹುಷಾರ್ ಹೋಗು ತಂಗಿ, ಕೈ ಸುಟ್ಟೀತು," ಎಂದು, ಉಳಿದವರಿಗೆ ನಡೀರಿ ಎಂಬಂತೆ ಬಡಿಗೆ ಆಡಿಸಿದ. ಯಾಕೆ ತಿರುಗಿದನೋ... ಅವನ ಮನೆಯಲ್ಲೂ ಕೆಂಡ ತರುವ ಒಬ್ಬಳಿದ್ದಳೋ ಏನೋ. ಅವರು ಆಚೆಯ ಓಣಿಗೆ ಹೋದರು. ಅಲ್ಲಿ ಏನಾಯಿತೆಂದು ನನಗೆ ಯಾರೂ ಹೇಳಲಿಲ್ಲ. ಆಮೇಲೆ ಬಹಳ ದಿನ ನಮ್ಮನ್ನು ಆ ಕಡೆ ಆಡಲು ಬಿಡಲಿಲ್ಲ.

ಒಂದೆರಡು ವಾರದಲ್ಲಿ ಖಾಲಾನ ಅಣ್ಣ ಔರಾದಿನಿಂದ ಗಾಡಿ ಕಟ್ಟಿಕೊಂಡು ಬಂದರು. ಅವ್ವ ದಾರಿಗೆ ರೊಟ್ಟಿ ಕಟ್ಟಿಕೊಟ್ಟಳು. ಮುಂದೆ ಗಂಡನೂ ಜೀವಂತವಾಗಿ ಸಿಕ್ಕಿ, ಎಲ್ಲರೂ ಹೈದರಾಬಾದು ಸೇರಿದರೆಂದು ಕೇಳಿದೆವು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಬೆಳಗಿನ ಲಿಂಗಪೂಜೆಗೆ ಕೂತಾಗ ಶಿವ ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ನೆನೆಯುವುದು ನನ್ನ ರೂಢಿ. ಆ ದಿನ ಕೂಸು ಅಳಲಿಲ್ಲ. ಕೆಂಡ ಕಲ್ಲಿನ ಮೇಲೆ ಬಿತ್ತು, ಕಾಲ ಮೇಲೆ ಬೀಳಲಿಲ್ಲ. ಬಡಿಗೆ ಹಿಡಿದವನ ಬಾಯಲ್ಲಿ ತಂಗಿ ಎಂಬ ಮಾತು ಬಂತು. ಇಷ್ಟು ನೆನೆದರೂ ಮನಸ್ಸು ಕೂತಲ್ಲಿ ಕೂರುವುದಿಲ್ಲ. ನನಗೆ ಮಕ್ಕಳಾದ ಮೇಲೆ ಅದು ಇನ್ನೂ ಹೆಚ್ಚಾಯಿತು. ಹೆತ್ತ ಮಗಳನ್ನು ಹಾಗೆ ಇನ್ನೊಬ್ಬರ ಬಾಗಿಲಿಗೆ ಕಾವಲು ನಿಲ್ಲಿಸುತ್ತಾರೆಯೇ? ನಾನಾಗಿದ್ದರೆ ಕಳಿಸುತ್ತಿದ್ದೆನೇ? ಬಾಣಂತನಕ್ಕೆ ಹೋದಾಗ ಅವ್ವನನ್ನು ಕೇಳಿದೆ, "ನನಗೇನರೆ ಆಗಿದ್ದರ ಏನ್ ಮಾಡ್ತಿದ್ದಿ?"

ಅವ್ವ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಕೂಸನ್ನು ಮಗ್ಗುಲಿಗೆ ಹೊರಳಿಸಿ, "ಅಕಿ ಬಾಗಲಾ ತೆಗೀತಾಳಂತ ನನಗ ಗೊತ್ತಿತ್ತು," ಎಂದಳು.

ಅದು ನನಗೆ ಉತ್ತರವಾಗಲಿಲ್ಲ. ಈಗ ಅವ್ವನೂ ಇಲ್ಲ, ಬಾಗಿಲು ತೆರೆದವರೂ ಇಲ್ಲ. ನನ್ನನ್ನು ನೋಡಿ ತೆರೆದಿರೋ, ಅವ್ವನ ಮೇಲಿನ ನಂಬಿಕೆಗೆ ತೆರೆದಿರೋ ಎಂದು ಖಾಲಾನನ್ನು ಕೇಳುವುದು ಉಳಿದೇಹೋಯಿತು...

ಸೊಸೆ ಮೊಮ್ಮಗಳನ್ನು ಕರೆದು, ಮೂಲೆಯ ಗಿರಣಿಯಿಂದ ಹಿಟ್ಟಿನ ಡಬ್ಬಿ ತರಲು ಹೇಳಿದಳು. ಹುಡುಗಿ ಗೊಣಗುತ್ತ ಚಪ್ಪಲಿ ಮೆಟ್ಟಿದಳು. ನಾನು ಹೊಸ್ತಿಲಿಗೆ ಬಂದು ನಿಂತೆ. ಈ ಓಣಿಯಲ್ಲಿ ಹೆದರುವಂಥದ್ದೇನೂ ಇಲ್ಲ, ಆದರೂ ಅವಳು ಗಿರಣಿ ಮುಟ್ಟುವವರೆಗೆ ಅವಳ ಬೆನ್ನನ್ನೇ ನೋಡುತ್ತಿದ್ದೆ. ಅವಳು ಒಮ್ಮೆಯೂ ಹಿಂದೆ ತಿರುಗಲಿಲ್ಲ. ಆ ದಿನ ನಾನೂ ತಿರುಗಿರಲಿಲ್ಲ. ನನ್ನ ಬೆನ್ನ ಹಿಂದೆ ನಮ್ಮ ಮನೆಯ ಬಾಗಿಲಿನಲ್ಲಿ ಯಾರು ನಿಂತಿದ್ದರೆಂದು ನಾನು ನೋಡಿರಲೇ ಇಲ್ಲ.

ಹಿಟ್ಟು ಬರುವಷ್ಟರಲ್ಲಿ ನೀರು ಕಾಯಬೇಕಲ್ಲ. ಒಳಗೆ ಬಂದು ರೊಟ್ಟಿಗೆ ಎಸರಿಟ್ಟೆ.