ಅಪ್ಪನ ಕತ್ತಿನಲ್ಲೊಂದು ಮೂಳೆಯ ಸೇತುವೆ

ಜೂನ್ 8, ಭಾನುವಾರ, ಬೆಳಿಗ್ಗೆ 7.40. ಲಷ್ಕರ್ ಮೊಹಲ್ಲಾದ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಇದನ್ನು ಬರೆಯಲು ಶುರುಮಾಡಿದೆ. ಅಪ್ಪ ಕುರ್ಚಿಯಲ್ಲಿದ್ದರು, ಮುಖದ ತುಂಬ ನೊರೆ. ಮಗಳು ಕಾವಲಿಗೆ ಬಂದದ್ದು ಅವರಿಗೆ ನಾಚಿಕೆ.

ಪ್ರತಿ ಭಾನುವಾರ ಶೇವಿಂಗ್ ಮುಗಿದ ಮೇಲೆ ಅಂಗಡಿಯವರು ಅಪ್ಪನ ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಕ್ಕನೆ ತಿರುಗಿಸಿ ನೆಟಿಗೆ ತೆಗೆಯುತ್ತಾರೆ. ಮೇ 6, 19, 27ರಂದು ಅಪ್ಪನಿಗೆ ತಲೆ ಸುತ್ತಿತು. ಎರಡು ಸಲ ಮೇಟಗಳ್ಳಿಯ ಕಾರ್ಖಾನೆಗೆ ಹೋಗುವ ಬಸ್ಸಿನಲ್ಲೇ. ಎಕ್ಸ್‌ರೇ ತೆಗೆಸಿದೆವು. ಮಿದುಳಿಗೆ ರಕ್ತ ಒಯ್ಯುವ ನಾಳ ಕತ್ತಿನ ಮೊದಲ ಮೂಳೆಯ ಮೇಲೆ ಸಾಮಾನ್ಯವಾಗಿ ತೆರೆದ ಕಾಲುವೆಯಂಥ ತಗ್ಗಿನಲ್ಲಿ ಹಾಯುತ್ತದೆ. ಅಪ್ಪನಲ್ಲಿ ಆ ತಗ್ಗಿನ ಮೇಲೆ ಮೂಳೆಯದೇ ಪುಟ್ಟ ಸೇತುವೆ. ನಾನು ವೈದ್ಯಕೀಯ ಮೊದಲ ವರ್ಷದವಳು. ಕಾಲೇಜಿನ ಪೆಟ್ಟಿಗೆಯಲ್ಲಿದ್ದ ಇಂಥ ಹನ್ನೊಂದು ಮೂಳೆಗಳಲ್ಲಿ ಎರಡರಲ್ಲಿ ಸೇತುವೆ ಎಣಿಸಿದ್ದೆ. ಆಗ ಖುಷಿಯಾಗಿತ್ತು.

"ಬಹಳ ಜನಕ್ಕೆ ಇರುತ್ತೆ, ಏನೂ ಆಗಲ್ಲ," ಎಂದಿದ್ದರು ಅಪ್ಪನ ಎಕ್ಸ್‌ರೇ ನೋಡಿದ ನಮ್ಮ ಕಾಲೇಜಿನ ಮೇಷ್ಟ್ರು. "ಆಪರೇಷನ್ ಮಾಡೋರು ಎಚ್ಚರವಾಗಿರಬೇಕು. ಸೇತುವೆಯನ್ನೇ ದಪ್ಪ ಮೂಳೆ ಅಂದ್ಕೊಂಡು ಸ್ಕ್ರೂ ಹಾಕಿದರೆ ನಾಳಕ್ಕೆ ಪೆಟ್ಟು. ತಲೆಸುತ್ತು ಇದರಿಂದಲೇ ಅಂತ ಹೇಳಕ್ಕಾಗಲ್ಲ. ಆದ್ರೆ ಕತ್ತು ಮಾತ್ರ ತಿರುಚಿಸಬೇಡಿ."

ಶೇವಿಂಗ್ ಮುಗಿಯಿತು. ಮೊದಲೇ ಹೇಳಿದ್ದರೂ ಅಂಗಡಿಯವರ ಕೈ ತಾನಾಗಿ ಅಪ್ಪನ ಗದ್ದಕ್ಕೆ ಹೋಯಿತು.

"ಅಣ್ಣಾ, ಬೇಡ!" ಕೂಗಿಬಿಟ್ಟೆ.

"ಮೂವತ್ತು ವರ್ಷದಿಂದ ತೆಗೀತಿದೀನಿ ಕಣಮ್ಮ, ಒಬ್ಬರ ತಲೆನೂ ಕೈಗೆ ಬಂದಿಲ್ಲ," ಎಂದರು ಅವರು.

"ಇನ್ನೂ ಡಾಕ್ಟ್ರೇ ಆಗಿಲ್ಲ, ಆಗ್ಲೇ ಅಪ್ಪನ ಕತ್ತು ಹಿಡ್ಕೊಂಡ್ಬುಟ್ಲು," ಎಂದರು ಅಪ್ಪ.

ಮೊಬೈಲಿನಲ್ಲಿದ್ದ ಎಕ್ಸ್‌ರೇ ತೋರಿಸಿದೆ. ಅಂಗಡಿಯವರು ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಬೆಂಚಿನಲ್ಲಿ ಕಾಯುತ್ತಿದ್ದ ನಾಲ್ವರ ಕಡೆ ತಿರುಗಿ, "ಇವರಲ್ಲಿ ಯಾರಿಗೈತೆ ಅಂತ ಮುಟ್ಟಿ ನೋಡಿದ್ರೆ ಗೊತ್ತಾಗುತ್ತಾ?" ಎಂದರು.

"ಗೊತ್ತಾಗಲ್ಲ."

"ಅಂದ್ರೆ ಯಾರಿಗೂ ತೆಗೀಬಾರದು ಅನ್ನು."

ನಾಲ್ವರಲ್ಲಿ ಒಬ್ಬರು ಮೆಲ್ಲನೆ ತಮ್ಮ ಕತ್ತು ಸವರಿಕೊಂಡರು.

ಹೊರಗೆ ಬಂದು ನಾಲ್ಕು ಹೆಜ್ಜೆ ಹಾಕಿ ಅಪ್ಪ ನಿಂತರು. "ಏನೋ ಉಳ್ಕೊಂಡಂಗೈತೆ," ಎಂದು ತಾವೇ ಗದ್ದ ಹಿಡಿದು ಎಡಕ್ಕೆ ತಿರುಗಿಸಿಕೊಂಡರು. ಟಕ್. ನಾನು ಕೈ ಹಿಡಿಯುವಷ್ಟರಲ್ಲಿ ಬಲಕ್ಕೂ ಆಗಿತ್ತು.

ಈಗ ಹನ್ನೊಂದು ಗಂಟೆ. ತಲೆ ಸುತ್ತಿಲ್ಲ. ಅರ್ಧ ಗಂಟೆಗೊಮ್ಮೆ ಕೇಳುತ್ತಿದ್ದೇನೆ, ಬೈಸಿಕೊಳ್ಳುತ್ತಿದ್ದೇನೆ. ಈ ಸೇತುವೆ ಇದ್ದವರು ತಾವೇ ನೆಟಿಗೆ ತೆಗೆದುಕೊಂಡರೆ ಎಷ್ಟು ಅಪಾಯ? ಇಷ್ಟು ವರ್ಷದ ಅಭ್ಯಾಸ ಬಿಡಿಸುವುದು ಹೇಗೆ? ಬಲ್ಲವರು, ಮನೆಯಲ್ಲಿ ಇಂಥ ಕತ್ತು ಕಂಡವರು, ದಯವಿಟ್ಟು ನನಗೆ ಬರೆದು ತಿಳಿಸಿ.