ನಿಂಬೆಹಣ್ಣು ತಯಾರು, ಚಕ್ರ ಇಲ್ಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದೇ. ಅಪ್ಪನ ಹಳೇ ಕಾರಿನ ಕಡ್ಡಿ ಚಕ್ರ ತೆಗೆದು ಕಡ್ಡಿಯಿಲ್ಲದ ಡಿಸ್ಕ್ ಚಕ್ರ ಹಾಕಿಸೋಣ ಎಂದವನು ನಾನು. ಆಯುಧ ಪೂಜೆಗೆ ಎರಡೇ ದಿನವಿದ್ದಾಗ ಎಂದವನೂ ನಾನೇ.

ಸೈಕಲ್ಲಿನಂಥ ಕಡ್ಡಿಗಳು. ರಸ್ತೆಯ ಗುಂಡಿಗೊಂದರಂತೆ ಸಡಿಲವಾಗುತ್ತಿದ್ದವು. ಭಾನುವಾರ ಬಂದರೆ ಹಳೇ ಟೂತ್‌ಬ್ರಷ್ಷಿನಲ್ಲಿ ಒಂದೊಂದನ್ನೂ ಉಜ್ಜುವ ಭಾಗ್ಯ ನನ್ನದು. ಅಪ್ಪ ಹೇಗೋ ಒಪ್ಪಿದರು, ಒಂದೇ ಷರತ್ತಿನ ಮೇಲೆ. "ತಾತನ ಕಾಲದಿಂದ ಒಂದ್ ವರ್ಷಾನೂ ತಪ್ಪಿಲ್ಲ. ಹಬ್ಬದ ದಿನ ಕಾರು ನಿಂಬೆಹಣ್ಣಿನ ಮೇಲೆ ಹತ್ತಿ ಹೊರಡ್ಬೇಕು."

ಚಕ್ರ ಬಿಚ್ಚಿ, ಜೋಗುಪಾಳ್ಯದ ನಮ್ಮ ಮನೆ ಮುಂದೆಯೇ ಕಾರನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿದೆ. ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಅಮ್ಮನ ಹೊಲಿಗೆ ಟೇಪು ಹಿಡಿದು, ದೊಡ್ಡ ಎಂಜಿನಿಯರಿನಂತೆ ತಲೆಯಾಡಿಸಿ, ಅಳತೆ ಸರಿಯಿದೆ ಎಂದು ಘೋಷಿಸಿದೆ. ಹಳೆಯ ನಾಲ್ಕನ್ನು ಕೊಟ್ಟು ಡಿಸ್ಕ್ ಚಕ್ರ ನಾಲ್ಕು ತಂದೆ.

ಹಲಸೂರಿನಿಂದ ಬಂದ ಮೆಕ್ಯಾನಿಕ್ ಅಣ್ಣ ಬಗ್ಗಿ ನೋಡಿ ಅಲ್ಲೇ ಕೂತುಬಿಟ್ಟರು. "ನಿನ್ ಹೊಸ ಚಕ್ರಕ್ಕೆ ನಾಲ್ಕು ಬೋಲ್ಟ್ ಬೇಕು. ಇಲ್ಲಿ ನಡುವೆ ಒಂದೇ ದೊಡ್ಡ ನಟ್ಟು. ಚಕ್ರ ಕೂರೋ ಹಬ್ ನಾಲ್ಕೂ ಬದಲಾಯಿಸ್ಬೇಕು, ಹಿಂದಿನ ಆಕ್ಸಲ್ಲೂ ನೋಡ್ಬೇಕು. ಟೇಪಲ್ಲಿ ಇದನ್ನ ಅಳೀಲಿಲ್ವಾ ಮಗಾ?"

ಹಳೆಯದನ್ನೇ ವಾಪಸ್ ತರಲು ಓಡಿದೆ. "ಅರೇ ಭಾಯ್, ಮಾಲು ಕೆ.ಆರ್. ಪುರಂ ಗೋಡೌನಿಗೆ ಹೋಗ್ಬಿಡ್ತು," ಎಂದ ಅಂಗಡಿಯವನು. ಅಲ್ಲಿಗೆ ಹೋದರೆ ಬೀಗ; ಹಬ್ಬ ಮುಗಿದ ಮೇಲೆ ತೆಗೆಯುತ್ತಾರಂತೆ. ಫೋನ್ ಮಾಡಿ, ಅಪ್ಪನ ದನಿಯಲ್ಲಿ ಅಂಗಡಿಯವನನ್ನು ಗದರಿದೆ. ಎಷ್ಟು ಚೆನ್ನಾಗಿ ಗದರಿದೆನೆಂದರೆ ನನಗೇ ಭಯವಾಯಿತು. ಅವನು, "ಬೆಳಿಗ್ಗೆ ಟೇಪ್ ಹಿಡ್ಕೊಂಡ್ ಬಂದಿದ್ಯಲ್ಲ, ನೀನೇ ತಾನೆ?" ಎಂದ.

ಕೊನೆಗೆ ಎಲ್ಲಿಂದಾದರೂ ಹಬ್ ತಂದು ಜೋಡಿಸಿ ಎಂದು ಮೆಕ್ಯಾನಿಕ್ ಅಣ್ಣನ ಕಾಲು ಹಿಡಿಯುವುದೊಂದು ಬಾಕಿ. ಅದನ್ನೂ ಮಾಡಿದೆ. "ಹಬ್ ಸಿಕ್ಕಿದ್ರೂ ಆಗಲ್ಲ ಗುರು. ಸ್ಪ್ಯಾನರ್‌ಗೆಲ್ಲ ಕುಂಕುಮ ಇಟ್ಟಾಯ್ತು. ಇನ್ನು ಪೂಜೆ ಮುಗಿಯೋವರ್ಗೂ ಮುಟ್ಟಲ್ಲ."

ಹಬ್ಬದ ಬೆಳಿಗ್ಗೆ ಕಾರು ಚೆಂಡುಹೂವಿನ ಹಾರ ಹಾಕಿಕೊಂಡು ಇಟ್ಟಿಗೆಯ ಮೇಲೆ ನಿಂತಿತ್ತು. ಅಪ್ಪ ತಟ್ಟೆಯಲ್ಲಿ ನಾಲ್ಕು ನಿಂಬೆಹಣ್ಣು ಹಿಡಿದು ಎಲ್ಲಿಡುವುದೆಂದು ತಿಳಿಯದೆ ಕಾರನ್ನು ಸುತ್ತುತ್ತಿದ್ದರು. ಅವರು ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು. "ಅಪ್ಪಾ, ಅಂಗಡಿಯವನು ಏನ್ ಮಾಡಿದ ಅಂದ್ರೆ..." ಎಂದು ನಾನು ಶುರು ಮಾಡುವಷ್ಟರಲ್ಲಿ ಹೊಸ್ತಿಲಲ್ಲಿ ಕೂತಿದ್ದ ಅಜ್ಜಿ ಅಪ್ಪನಿಗೆ ಹೇಳಿದರು:

"ಆ ನಿಂಬೆಹಣ್ಣು ಇವನ ಕಾಲ್ ಕೆಳಗಿಡೋ. ಎರಡು ದಿನದಿಂದ ಊರೆಲ್ಲ ಓಡಿರೋ ಗಾಡಿ ಇದೊಂದೇ."