ಹಳಿಯಿಂದ ನಾಲ್ಕು ಬೆರಳು ಒಳಗೆ

ಅಡಲೀನೊ ಫರ್ಟಾಡೊ ರೈಲಿಗೆ ಮರಳು ತುಂಬುವವನು. ಟಾಲ್‌ಮನ್ ಮಿಲ್ಸ್ ಎಂಬ ಊರಿನ ರೈಲು ಯಾರ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವನದು ಅದೇ ಕೆಲಸ. ರೈಲಿಗೂ ಮರಳಿಗೂ ಎಲ್ಲಿಯ ನಂಟು ಎಂದು ಯಾರಾದರೂ ಕೇಳಿಬಿಟ್ಟರೆ ಮುಗಿಯಿತು, ಅವನ ಕೋಪ ಮೂಗಿನ ತುದಿಗೆ ಬಂದು ಕೂರುತ್ತದೆ.

"ಎಣ್ಣೆ ಚೆಲ್ಲಿದ ನೆಲದ ಮೇಲೆ ಒಂದ್ಸಲ ಓಡಿ ನೋಡು. ಹಲ್ಲು ಉಳಿದ್ರೆ ಆಮೇಲೆ ಬಂದು ಕೇಳು" ಎನ್ನುತ್ತಾನೆ.

ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಅಕ್ಟೋಬರ್ ಬಂದರೆ ಓಕ್ ಮರದ ಎಲೆಗಳೆಲ್ಲ ಉದುರಿ ಹಳಿಯ ಮೇಲೆ ಬೀಳುತ್ತವೆ. ಗಾಲಿ ಅವನ್ನು ಅರೆದು ಅರೆದು ಲೋಳೆಸರದ ಹಾಗೆ ಮಾಡಿಬಿಡುತ್ತದೆ. ಅದರ ಮೇಲೆ ಬೆಳಗಿನ ಇಬ್ಬನಿ ಬಿದ್ದರೆ ಎಂಥ ಎಂಜಿನ್ ಆದರೂ ನಿಂತಲ್ಲೇ ಗಾಲಿ ತಿರುಗಿಸುತ್ತದೆ, ಮುಂದೆ ಹೋಗುವುದಿಲ್ಲ. ಆಗ ಡ್ರೈವರ್ ಒಂದು ಗುಂಡಿ ಒತ್ತಬೇಕು. ಎಂಜಿನ್ನಿನ ಪೆಟ್ಟಿಗೆಯಿಂದ ಒಣ ಮರಳು ಕೊಳವೆಯಲ್ಲಿ ಇಳಿದು, ಸರಿಯಾಗಿ ಗಾಲಿಯ ಮುಂದೆ ಹಳಿಯ ಮೇಲೆ ಬೀಳುತ್ತದೆ. ಗಾಲಿ ಕಚ್ಚಿಕೊಳ್ಳುತ್ತದೆ. ಬಾಸ್ಟನ್ನಿನ ಆಫೀಸುಗಳಿಗೆ ಹೊರಟ ಆರುನೂರು ಜನ ಹೊತ್ತಿಗೆ ಸರಿಯಾಗಿ ತಲುಪುತ್ತಾರೆ. ಮರಳಿನ ವಿಷಯ ಒಬ್ಬರಿಗೂ ಗೊತ್ತಿರುವುದಿಲ್ಲ.

ಸೆಪ್ಟೆಂಬರಿನಲ್ಲಿ ಆ ಲೈನಿಗೆ ನಾಲ್ಕು ಹೊಸ ಡೀಸೆಲ್ ಎಂಜಿನ್ ಬಂದವು. ಮೂರು ಬೇರೆ ಯಾರ್ಡುಗಳಿಗೆ ಹೋದವು, ಒಂದು ಟಾಲ್‌ಮನ್ ಮಿಲ್ಸಿಗೆ. ನಲವತ್ತು ವರ್ಷದ ಹಳೆಯ ಎಂಜಿನ್ ನೋಡಿ ನೋಡಿ ಸಾಕಾಗಿದ್ದವರು ಹೊಸ ಮದುವಣಗಿತ್ತಿಯನ್ನು ನೋಡುವ ಹಾಗೆ ಸುತ್ತ ನೆರೆದರು. ಅಡಲೀನೊ ಮೂರು ಸುತ್ತು ಬಂದ. ಮರಳು ಪೆಟ್ಟಿಗೆಯ ಮುಚ್ಚಳ ಒಂದೇ ಬೆರಳಿಗೆ ತೆರೆಯಿತು; ಹಳೆಯದಕ್ಕೆ ಹಾರೆ ಬೇಕಾಗಿತ್ತು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಸುಮ್ಮಸುಮ್ಮನೆ ನಾಲ್ಕು ಸಲ ತೆರೆದು ಮುಚ್ಚಿದ. ದಿನಾ ಸಂಜೆ ರೈಲು ಯಾರ್ಡಿಗೆ ಬಂದ ಮೇಲೆ ಮರಳು ಶೇಖರಿಸಿಟ್ಟ ಟವರಿನಿಂದ ರಬ್ಬರ್ ಪೈಪು ಇಳಿಸಿ ಮರಳು ತುಂಬುವುದು, ಮುಚ್ಚಳ ಹಾಕುವುದು, ಕೆಳಗಿಳಿದು ಒಂದೊಂದು ಕೊಳವೆಗೂ ಮರದ ಕೊಡತಿಯಿಂದ ಎರಡೆರಡು ಏಟು ಹಾಕಿ ಮರಳು ಕೂರಿಸುವುದು. ಹಳೆಯದಕ್ಕೆ ಮಾಡಿದ್ದನ್ನೇ ಹೊಸದಕ್ಕೂ ಮಾಡಿದ.

ಅಕ್ಟೋಬರಿನಲ್ಲಿ ಎಂಜಿನ್ ಜಾರತೊಡಗಿತು. ಊರು ಬಿಟ್ಟ ಕೂಡಲೇ ಸಿಗುವ ಕ್ವಾರಿ ಏರಿನಲ್ಲಿ, ಒಂದೇ ವಾರದಲ್ಲಿ ನಾಲ್ಕು ಬೆಳಿಗ್ಗೆ. ಬೇರೆ ಯಾರ್ಡಿನ ಮೂರು ಎಂಜಿನ್ನುಗಳೂ ಅಂಥದೇ ಏರು ಹತ್ತುತ್ತಿದ್ದವು, ಅವು ಜಾರಲಿಲ್ಲ. ಇದೊಂದೇ. ಅಂದ ಮೇಲೆ ತಪ್ಪು ಎಂಜಿನ್ನಿನದಲ್ಲ, ಮರಳಿನದು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು.

ಮೊದಲು ಬಾಯಿಬಿಟ್ಟವನು ಡ್ರೈವರ್ ಡ್ವೈಟ್ ಪೆಲ್ಕಿ. ಕಾಫಿ ಕುಡಿಯುವ ಕೋಣೆಯಲ್ಲಿ ಹತ್ತು ಜನರ ಮುಂದೆ ಕೇಳಿದ.

"ಏನಪ್ಪಾ ಲೀನೊ, ಮರಳು ತುಂಬ್ತೀಯೋ, ಗಂಜಿ ತುಂಬ್ತೀಯೋ?"

"ನಿನ್ನ ಕೈಗೆ ಎಂಜಿನ್ ಕೊಟ್ಟೋರನ್ನ ಕೇಳ್ಬೇಕು. ಗುಂಡಿ ಒತ್ತೋಕೂ ಬರಬೇಕಲ್ಲ."

"ಒತ್ತಿದೆ ಮಾರಾಯ. ಹೆಬ್ಬೆಟ್ಟು ಸೋತು ಹೋಗೋವರೆಗೂ ಒತ್ತಿದೆ. ನಿನ್ನ ಮರಳು ಒದ್ದೆ, ಒಪ್ಕೊಂಡುಬಿಡು."

ಅಡಲೀನೊ ಕಾಫಿ ಲೋಟ ಕುಕ್ಕಿ ಎದ್ದ. ಬಾಗಿಲಲ್ಲೇ ಫೋರ್‌ಮನ್ ಗ್ಯಾರಿಟಿ ಸಿಕ್ಕಳು. ಕೊಲೀನ್ ಗ್ಯಾರಿಟಿಗೆ ಅರವತ್ತರ ಹತ್ತಿರ. ದನಿ ಏರಿಸದೆ ಕೆಲಸ ತೆಗೆಯುವ ಹೆಂಗಸು.

"ಲೀನೊ, ಮುಂದಿನ ಶುಕ್ರವಾರದೊಳಗೆ ಇದು ಸರಿಹೋಗ್ಬೇಕು. ಇಲ್ಲಾಂದ್ರೆ ಟವರ್‌ಗೆ ಬೇರೆಯವರನ್ನ ಹಾಕ್ತೀನಿ. ನಿನ್ನ ಬೋಗಿ ತೊಳಿಯೋ ಕಡೆ ಕಳಿಸ್ಬೇಕಾಗತ್ತೆ."

ಬೋಗಿ ತೊಳೆಯುವುದೆಂದರೆ ಬೋಗಿಯ ಪಾಯಿಖಾನೆಯನ್ನೂ ತೊಳೆಯುವುದು. ಐವತ್ತನಾಲ್ಕನೆಯ ವಯಸ್ಸಿನಲ್ಲಿ! ಅದಾದರೂ ಹೋಗಲಿ, ದುಡಿಮೆಯಲ್ಲಿ ಮೇಲುಕೀಳಿಲ್ಲ. ಆದರೆ ಮರಳು ಒದ್ದೆ ಮಾಡಿದವನು ಎಂಬ ಹೆಸರು ಹೊತ್ತು ಅಲ್ಲಿಗೆ ಹೋಗುವುದನ್ನು ಅವನಿಂದ ನೆನೆಯಲೂ ಆಗಲಿಲ್ಲ.

ಶನಿವಾರ ಒಂದು ಡಬ್ಬಿ ಮರಳನ್ನು ಮನೆಗೆ ತಂದ. ಅಡುಗೆಮನೆಯ ತಕ್ಕಡಿಯಲ್ಲಿ ಸರಿಯಾಗಿ ಒಂದು ಪೌಂಡ್ ತೂಗಿ, ತಟ್ಟೆಯಲ್ಲಿ ಹರಡಿ, ಒಲೆಯೊಳಗೆ ತಳ್ಳಿದ. ಒದ್ದೆಯಿದ್ದರೆ ನೀರು ಆರಿ ತೂಕ ಇಳಿಯಬೇಕು. ಒಂದು ಗಂಟೆ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಹೆಂಡತಿ ಲೂರ್ಡಿಸ್ ಒಳಗೆ ಬಂದು ನೋಡಿದಳು.

"ಅಜೋರ್ಸ್ ದ್ವೀಪದಿಂದ ನಮ್ಮಮ್ಮ ಹೊತ್ಕೊಂಡು ಬಂದ ತಟ್ಟೆ ಅದು. ಹಬ್ಬದ ಸಿಹಿ ಬ್ರೆಡ್ ಬೇಯಿಸೋ ತಟ್ಟೇಲಿ ರೈಲಿನ ಮರಳು ಹುರೀತಿದ್ದೀಯಲ್ಲ, ತಲೆ ನೆಟ್ಟಗಿದ್ಯಾ ನಿಂಗೆ?"

"ಹುರೀತಿಲ್ಲ ಕಣೇ, ಪರೀಕ್ಷೆ ಮಾಡ್ತಿದ್ದೀನಿ."

"ಸರಿ, ಉಪ್ಪು ಹಾಕೋಕೆ ಮರೀಬೇಡ."

ಮತ್ತೆ ತೂಗಿದಾಗ ತಕ್ಕಡಿಯ ಮುಳ್ಳು ಒಂದು ಪೌಂಡಿನಿಂದ ಕೂದಲೆಳೆಯಷ್ಟೂ ಆಚೀಚೆ ಹೋಗಿರಲಿಲ್ಲ. ಮರಳು ಒಣಗಿದ್ದೇ. ಹಾಗಾದರೆ ಗುಂಡಿ ಒತ್ತಿದ ಮೇಲೆ ಅದು ಎಲ್ಲಿಗೆ ಹೋಗುತ್ತಿದೆ? ಈ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಎರಡು ದಿನ ಅವನನ್ನು ಬಿಡಲಿಲ್ಲ.

ಅವನ ಪಾಳಿ ಮಧ್ಯಾಹ್ನದ್ದು, ಬೆಳಿಗ್ಗೆ ಬಿಡುವು. ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಕ್ವಾರಿ ಏರಿನ ರೈಲ್ವೆ ಗೇಟಿನ ಹತ್ತಿರ ಕಾರು ನಿಲ್ಲಿಸಿ ಕಾದ. ಗೇಟು ಬಿತ್ತು. ರೈಲು ಏರತೊಡಗಿತು. ಬಾಸ್ಟನ್ ಕಡೆಗೆ ಹೋಗುವಾಗ ಎಂಜಿನ್ ಕೊನೆಯಲ್ಲಿದ್ದು ಬೋಗಿಗಳನ್ನು ತಳ್ಳುತ್ತದೆ. ಬೋಗಿಗಳು ಒಂದೊಂದಾಗಿ ಆಮೆಯ ಹಾಗೆ ದಾಟಿದವು, ಕೊನೆಗೆ ಎಂಜಿನ್ ಗಾಲಿ ಕಿರುಚಿಸಿಕೊಂಡು, ನಿಂತು ನಿಂತು ಹತ್ತಿತು. ಪೆಲ್ಕಿ ಗುಂಡಿ ಒತ್ತಿಯೇ ಇದ್ದ, ಪಾಪ. ಕೊಳವೆಯಿಂದ ಮರಳು ಬುಸ್ಸೆಂದು ಬರುತ್ತಿದ್ದುದು ಕಾರಿನವರೆಗೂ ಕೇಳಿಸಿತು.

ಗೇಟು ಎದ್ದಿತು. ಅಡಲೀನೊ ರಸ್ತೆಯ ನಡುವೆ, ಹಳಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಹಳಿಯ ಮೇಲೆ ಕಪ್ಪು ಲೋಳೆ ಹಾಗೇ ಇತ್ತು, ಒಂದು ಕಾಳು ಮರಳಿರಲಿಲ್ಲ. ಮರಳಿದ್ದದ್ದು ಒಳಗಡೆ, ರಸ್ತೆಯ ಡಾಂಬರಿನ ಮೇಲೆ, ರಂಗೋಲಿ ಎಳೆದ ಹಾಗೆ ನೇರವಾದ ಬಿಳಿ ಗೆರೆಯಾಗಿ. ಬೆರಳಿಟ್ಟು ಅಳೆದ. ಹಳಿಯಿಂದ ನಾಲ್ಕು ಬೆರಳು ಒಳಗೆ. ಆ ಕಡೆಯ ಹಳಿಗೆ ಹೋಗಿ ಅಳೆದ. ಅಲ್ಲೂ ನಾಲ್ಕು ಬೆರಳು.

ಹಿಂದೆ ಕಾರು ನಿಲ್ಲಿಸಿಕೊಂಡಿದ್ದ ಹೆಂಗಸೊಬ್ಬಳು ಕಿಟಕಿ ಇಳಿಸಿ ಕೇಳಿದಳು, "ಏನಾದ್ರೂ ಕಳ್ಕೊಂಡ್ರಾ?"

"ಇಲ್ಲ ತಾಯಿ, ಸಿಕ್ಕಿತು" ಎಂದ.

ಅಂದು ಸಂಜೆ ಎಂಜಿನ್ನಿಗೆ ನೀಲಿ ಬಾವುಟ ಸಿಕ್ಕಿಸಿದ. ಅದು ಇರುವಷ್ಟು ಹೊತ್ತು ಎಂಜಿನ್ನನ್ನು ಯಾರೂ ಅಲುಗಿಸುವಂತಿಲ್ಲ. ಟಾರ್ಚು ಹಿಡಿದು ಅಡಿಗೆ ನುಸುಳಿದ. ಕೊಳವೆಗಳ ಮೂತಿ ಹಳಿ ಬಿಟ್ಟು ಒಳಕ್ಕೆ ವಾಲಿದ್ದವು. ಗ್ಯಾರಿಟಿಯನ್ನು ಕೂಗಿದ. ಮೆಕ್ಯಾನಿಕ್ ಬಂದು ಮೂತಿಗಳನ್ನು ಹಳಿಗೆ ಸರಿಯಾಗಿ ತಿರುಗಿಸಿ, ಮತ್ತೆ ಸರಿದರೆ ತಿಳಿಯಲೆಂದು ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಎಳೆದ. ಬುಧವಾರ ರೈಲು ಏರನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹತ್ತಿತು.

ಪೆಲ್ಕಿ ಒಂದು ಡಬ್ಬಿ ಡೋನಟ್ ಹಿಡಿದು ಬಂದ. "ತಪ್ಪಾಯ್ತು ಲೀನೊ. ಗಂಜಿ ಅಂದಿದ್ದನ್ನ ವಾಪಸ್ ತಗೊಂಡೆ."

"ತಗೋ, ನೀನೇ ಕುಡಿ" ಎಂದ ಅಡಲೀನೊ. ಆದರೂ ಜೆಲ್ಲಿ ಇರುವುದನ್ನೇ ಆರಿಸಿ ಎರಡು ತಿಂದ.

ಈಗ ಎಲ್ಲರ ಬಾಯಿ ಎಂಜಿನ್ ಮಾಡಿದ ಕಾರ್ಖಾನೆಯವರ ಮೇಲೆ ತಿರುಗಿತು. ಹೊಸದಂತೆ, ಕಂಪ್ಯೂಟರಂತೆ, ಒಂದು ಕೊಳವೆ ನೆಟ್ಟಗೆ ಕೂರಿಸಲು ಬರಲಿಲ್ಲವಂತೆ. ಎಲ್ಲರಿಗಿಂತ ಜೋರಾಗಿ ಬೈದವನು ಅಡಲೀನೊ. ಗುರುವಾರ ಗ್ಯಾರಿಟಿ ಕಾರ್ಖಾನೆಗೆ ದೂರು ಬರೆಯಲು ಕೂತಳು.

ಅದೇ ಸಂಜೆ ಅವನು ಮರಳು ತುಂಬಿದ, ಮುಚ್ಚಳ ಹಾಕಿದ, ಕೆಳಗಿಳಿದು ಕೊಡತಿ ಎತ್ತಿ ಎರಡು ಏಟು ಹಾಕಿದ. ಇಳಿಬಿಸಿಲು ಗಾಲಿಯ ಮೇಲೆ ಬಿದ್ದಿತ್ತು. ಸೀಮೆಸುಣ್ಣದ ಗೆರೆ ಕಣ್ಣಿಗೆ ಬಿತ್ತು. ಗೆರೆಯ ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ತಾಳೆಯಿರಲಿಲ್ಲ.

ಬಗ್ಗಿ ನೋಡಿದ. ಎರಡು ಗೋಧಿ ಕಾಳಿನಷ್ಟು ವ್ಯತ್ಯಾಸ, ನಿನ್ನೆಯದೂ ಇವತ್ತಿನದೂ ಸೇರಿ. ನೋಡದೆ ಇರಲಾಗದೆ ಮತ್ತೆರಡು ಏಟು ಹಾಕಿದ. ಇನ್ನೊಂದು ಕಾಳು ಸರಿಯಿತು. ಹಳೆಯ ಕೊಳವೆ ಕೈಮಣಿಕಟ್ಟಿನಷ್ಟು ದಪ್ಪದ ಕಬ್ಬಿಣ, ಆನೆ ಒದ್ದರೂ ಅಲುಗುತ್ತಿರಲಿಲ್ಲ. ಇದು ಸಣ್ಣ ಲೋಹದ ಪಟ್ಟಿಯ ಮೇಲೆ ಕೂತಿತ್ತು. ದಿನಕ್ಕೊಂದು ಕಾಳು, ತಿಂಗಳಿಗೆ ನಾಲ್ಕು ಬೆರಳು. ಲೆಕ್ಕ ಹಾಕಲು ಶಾಲೆ ಬೇಕಿರಲಿಲ್ಲ.

ಯಾರೂ ನೋಡಿರಲಿಲ್ಲ. ನಾಳೆಯಿಂದ ಕೊಡತಿ ಮುಟ್ಟದಿದ್ದರೆ ಆಯಿತು. ಟವರ್ ಅವನದೇ, ಹೆಸರೂ ಅವನದೇ. ಬೈಗುಳ ಹೋಗಿ ಸಾವಿರ ಮೈಲಿ ಆಚೆ ಬೀಳುತ್ತದೆ. ಎಲ್ಲಿ ಬೀಳುತ್ತದೆ ಎಂದು ಯೋಚಿಸಿದ. ಆ ಕಾರ್ಖಾನೆಯಲ್ಲಿ ಈ ಪಟ್ಟಿ ಬೆಸೆದವನು ಒಬ್ಬನಿರುತ್ತಾನೆ. ಅವನ ಫೋರ್‌ಮನ್ನೂ ಬಾಗಿಲಲ್ಲಿ ನಿಲ್ಲಿಸಿ ಶುಕ್ರವಾರದ ಮಾತಾಡುತ್ತಾನೆ. ಅವನೂ ರಾತ್ರಿಯಿಡೀ ತನ್ನ ಕೆಲಸವನ್ನು ನೆನೆ ನೆನೆದು, ತಪ್ಪು ಎಲ್ಲಿ ಎಂದು ಹುಡುಕುತ್ತಾನೆ. ಅವನಿಗೆ ಸಿಗುವುದಿಲ್ಲ, ಏಕೆಂದರೆ ಅದು ಅಲ್ಲಿಲ್ಲ.

ಅಡಲೀನೊ ಕೊಡತಿ ಹಿಡಿದೇ ಆಫೀಸಿಗೆ ನಡೆದ. ಪೆಲ್ಕಿಯೂ ಅಲ್ಲೇ ಕೂತಿದ್ದ.

"ಬಾಸ್, ಆ ಕಾಗದ ನಿಲ್ಸಿ. ಮೂತಿ ಬಗ್ಗಿಸಿದ್ದು ನಾನೇ."

ಕೊಡತಿಯ ಏಟಿನ ಕಥೆಯೆಲ್ಲ ಹೇಳಿದ. ಗ್ಯಾರಿಟಿ ಕನ್ನಡಕ ತೆಗೆದಿಟ್ಟಳು. "ಎರಡೇಟು?"

"ಎರಡೇ."

"ದಿನಾ?"

"ದಿನಾ."

"ಹೊಡಿ ಅಂತ ಹೇಳ್ಕೊಟ್ಟೋರು ಯಾರು?"

"ನಂಗೆ ಕೆಲಸ ಕಲಿಸಿದೋನು. ಅವನಿಗೆ ಅವನ ಮೇಸ್ತ್ರಿ. ಹಳೇ ಎಂಜಿನ್ ಕೊಳವೇಲಿ ಒಂದು ತಿರುವು ಇತ್ತು ಬಾಸ್, ಮರಳು ಅಲ್ಲಿ ಕಚ್ಕೊಳ್ತಿತ್ತು. ತಟ್ಟಿದ್ರೇನೇ ಇಳೀತಿತ್ತು."

"ಬೇರೆ ಯಾರ್ಡ್‌ನೋರು ತಟ್ಟಲ್ವಾ?"

ಅಡಲೀನೊ ಕೊಡತಿಯನ್ನು ನೋಡಿಕೊಂಡ. "ಅವ್ರೆಲ್ಲ ಹೊಸಬರು. ಅವರಿಗೆ ಕೆಲಸ ಬರಲ್ಲ ಅಂತ ನಾನು ಅಂದ್ಕೊಂಡಿದ್ದೆ."

ಪೆಲ್ಕಿ ಬಾಯಲ್ಲಿದ್ದ ಕಾಫಿಯನ್ನು ಅಂಗಿಯ ಮೇಲೆ ಚೆಲ್ಲಿಕೊಂಡು ನಕ್ಕ. ಗ್ಯಾರಿಟಿ ನಗಲಿಲ್ಲ. ಬರೆದದ್ದನ್ನೆಲ್ಲ ಅಳಿಸಿ ಎದ್ದಳು.

"ಇಷ್ಟು ದಿನ ರೈಲು ತಡ ಆಗಿದೆ, ಮೇಲಿನೋರು ನನ್ನ ಕೇಳ್ತಾರೆ. ಸೋಮವಾರದಿಂದ ಒಂದು ವಾರ ಬೋಗಿ ತೊಳಿ. ಆಮೇಲೆ ಟವರ್‌ಗೆ ಬಾ."

"ಆಯ್ತು."

"ಈಗ ನಡಿ. ತಟ್ಟದೆ ಇದ್ರೆ ಮರಳು ಇಳಿಯತ್ತೋ ಇಲ್ವೋ, ಅದನ್ನ ನೋಡ್ಬೇಕಲ್ಲ."

ಅದು ಅಡಲೀನೊಗೂ ಗೊತ್ತಿರಲಿಲ್ಲ. ಮೂವರೂ ಎಂಜಿನ್ ಹತ್ತಿರ ಹೋದರು. ಮೂತಿಯನ್ನು ಗೆರೆಗೆ ಸರಿಯಾಗಿ ತಂದರು. ಪೆಲ್ಕಿ ಮೇಲೆ ಹತ್ತಿದ. ಅಡಲೀನೊ ಒಂದು ಮಾರು ದೂರದಲ್ಲಿ ಜಲ್ಲಿಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಗಲ್ಲವನ್ನು ಕೈಗೆ ಕೊಟ್ಟ. ಗ್ಯಾರಿಟಿ ಕೈ ಎತ್ತಿದಳು.

ಬುಸ್ಸೆಂದು ಗಾಳಿ ಬಂತು, ಹಿಂದೆಯೇ ಮರಳು. ಸಣ್ಣ ಬಿಳಿ ಧಾರೆ, ಗಾಲಿಯೂ ಹಳಿಯೂ ಸೇರುವ ಸಂದಿಗೆ ಸೂಜಿಗೆ ದಾರ ಪೋಣಿಸಿದ ಹಾಗೆ ಹೋಗಿ ಬಿತ್ತು. ಇಪ್ಪತ್ತೆರಡು ವರ್ಷದಲ್ಲಿ ತಾನು ತುಂಬಿದ ಮರಳು ಬೀಳುವುದನ್ನು ಅವನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಬಿತ್ತಾ?" ಎಂದು ಪೆಲ್ಕಿ ಮೇಲಿನಿಂದ ಕೂಗಿದ.

"ಬಿತ್ತು. ಇನ್ನೊಂದ್ಸಲ ಒತ್ತು."

"ಯಾಕೆ, ಬಿತ್ತು ಅಂದ್ಯಲ್ಲ?"

"ಒತ್ತಯ್ಯ ಸುಮ್ನೆ, ನೋಡ್ತೀನಿ."